ಪಾಲಿಶಣ್ಣ ಒರೆಸಿಟ್ಟ ಡಿಸ್ಕು

ಪಾಲಿಶಣ್ಣನವರನ್ನು ಮೊದಲ ಸಲ ಭೇಟಿಯಾದ ದಿನ ನನಗೆ ಅವರ ಮುಖ ಕಾಣಲಿಲ್ಲ. ಆಗ ನಾನು ನಿವೃತ್ತನಾದ ಹೊಸತು; ಮಧ್ಯಾಹ್ನ ಮಲಗುವ ಸುಖವನ್ನು ಆಗಷ್ಟೇ ಕಲಿತಿದ್ದೆ. ಹಾಗೆ ಮಲಗಿ ಎದ್ದವನು ಕುರ್ಚಿಯಲ್ಲಿಟ್ಟಿದ್ದ ನನ್ನ ಕನ್ನಡಕದ ಮೇಲೆಯೇ ಕುಳಿತುಬಿಟ್ಟೆ. ಒಂದು ಕಡ್ಡಿ ಮುರಿಯಿತು, ಒಂದು ಗಾಜು ಸೀಳಿತು. ಅದನ್ನು ಕರವಸ್ತ್ರದಲ್ಲಿ ಗಂಟುಕಟ್ಟಿಕೊಂಡು, ಗೋಡೆ ಸವರುತ್ತ, ಎದುರಿಗೆ ಬಂದ ಬಣ್ಣಬಣ್ಣದ ಮಬ್ಬುಗಳಿಗೆಲ್ಲ ದಾರಿ ಬಿಡುತ್ತ ಕನ್ನಡಕದ ಅಂಗಡಿಗೆ ಹೋದೆ. ದಾರಿಯಲ್ಲಿ ಒಂದು ಅಂಚೆಪೆಟ್ಟಿಗೆಯನ್ನು "ಚೆನ್ನಾಗಿದ್ದೀರಾ?" ಎಂದು ವಿಚಾರಿಸಿದೆನೆಂದು ಆಮೇಲೆ ನೋಡಿದವರು ಹೇಳಿದರು.

ಅಂಗಡಿಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಗಂಟು ಬಿಚ್ಚಿ ನೋಡಿ, ಒಳಗಿನ ಪರದೆಯ ಕಡೆಗೆ ತಿರುಗಿ ಕೂಗಿದ.

"ಪಾಲಿಶಣ್ಣಾ, ನಮ್ಮ ಮೇಷ್ಟ್ರು ಕನ್ನಡಕದ ಮೇಲೆ ಕೂತಿದ್ದಾರೆ!"

"ಇನ್ನೂ ಕೂತೇ ಇದ್ದಾರಾ?" ಎಂದಿತು ಪರದೆಯ ಹಿಂದಿನಿಂದ ಒಂದು ಸಾವಧಾನದ ದನಿ.

ಆಮೇಲೆ ಬೂದು ಬಣ್ಣದ ಒಂದು ಆಕಾರ ಹೊರಗೆ ಬಂದು ನನ್ನ ಎದುರು ನಿಂತಿತು. ಪವರ್ ಎಷ್ಟು, ಹಳೆಯ ಚೀಟಿ ಎಲ್ಲಿ ಎಂದು ಕೇಳಲಿಲ್ಲ. "ಪುಸ್ತಕ ಎಷ್ಟು ದೂರ ಹಿಡೀತೀರಿ ಮೇಷ್ಟ್ರೇ?" ಎಂದು ಕೇಳಿತು. ನಾನು ಗಾಳಿಯಲ್ಲಿ ಒಂದು ಪುಸ್ತಕವನ್ನು ಹಿಡಿದು ತೋರಿಸಿದೆ. ಅವರು ನನ್ನ ಎರಡೂ ಮಣಿಕಟ್ಟುಗಳನ್ನು ಹಿಡಿದು ಮೆಲ್ಲಗೆ ಹತ್ತಿರಕ್ಕೆ ಎಳೆದರು. "ಇಷ್ಟು ಸಾಕು. ಇನ್ನು ಮೇಲೆ ತೋಳಿಗೆ ನೋವಿರಲ್ಲ."

ಅವರ ಕೋಣೆ ಆ ಪರದೆಯ ಹಿಂದೆಯೇ ಇತ್ತು. ಗಾಜು ಉಜ್ಜುವ ಚಕ್ರ, ಕೆಳಗೆ ನೀರಿನ ತೊಟ್ಟಿ, ಬಿಳಿಯ ಪಾಲಿಶಿನ ಡಬ್ಬಿ. ಅಂಚು ಉಜ್ಜಿದ ಗಾಜಿನ ಪುಡಿ ಅವರ ಅಂಗಿಯ ಮೇಲೆ, ರೆಪ್ಪೆಯ ಮೇಲೆ, ಕಿವಿಯ ಹಿಂದೆ ಬೂದಿಯಂತೆ ಕುಳಿತಿರುತ್ತಿತ್ತು. ಜೇಬಿನಲ್ಲಿ ಸದಾ ಒಂದು ಹಳದಿ ಬಟ್ಟೆ. ಗಾಜನ್ನು ಫ್ರೇಮಿಗೆ ಒತ್ತಿ, ಕಿರುಬೆರಳಿನಿಂದ ಅಂಚನ್ನು ತಟ್ಟಿ ನೋಡಿ, "ಕೂತಿತು" ಎನ್ನುತ್ತಿದ್ದರು. ಆಮೇಲೆ ಆ ಹಳದಿ ಬಟ್ಟೆಯಿಂದ ದುಂಡಗೆ, ಒಂದೇ ಸಮನೆ, ಸುತ್ತಿ ಸುತ್ತಿ ಒರೆಸಿ ಕೊಡುತ್ತಿದ್ದರು. ಬಹಳ ಕಾಲ ಅದೇ ಕೆಲಸ ಮಾಡಿದ ಕೈ. ಅದಕ್ಕೆ ಬೇರೆ ರೀತಿ ಒರೆಸಲು ಬರುತ್ತಲೇ ಇರಲಿಲ್ಲ. ಮೇಜನ್ನೂ ಹಾಗೆಯೇ ಒರೆಸುವರು, ನೀರಿನ ಲೋಟವನ್ನೂ ಹಾಗೆಯೇ ಒರೆಸುವರು. ಒಮ್ಮೆ ಮಾತಿನ ನಡುವೆ ನನ್ನ ಕೊಡೆಯ ಹಿಡಿಯನ್ನು ಒರೆಸಿ ಹೊಳಪು ಬರಿಸಿದ್ದರು.

ಹೀಗೆ ಕನ್ನಡಕದ ನೆಪದಲ್ಲಿ ಶುರುವಾದ ಪರಿಚಯ ಸ್ನೇಹವಾಯಿತು. ನಾನು ಅವರ ಮನೆಗೆ ಹೋಗಿಬರತೊಡಗಿದೆ.

ಆ ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಮುಂದಿನ ಕೋಣೆಯಲ್ಲಿ ಬೀದಿಗೆ ತೆರೆಯುವ ಕಿಟಕಿ, ಕಿಟಕಿಗೆ ಒತ್ತಿಕೊಂಡು ಅವರ ಹೆಂಡತಿಯ ಹೊಲಿಗೆಯಂತ್ರ. ಆಕೆ ಒಂದು ಕಾಲಕ್ಕೆ ಮಾತಿನ ಮಲ್ಲಿಯಂತೆ. ಯಂತ್ರ ತುಳಿಯುತ್ತಲೇ ಹೋಗುವವರನ್ನು ಬರುವವರನ್ನು ನಿಲ್ಲಿಸಿ ಮಾತನಾಡಿಸುವರು. "ಆ ಕಿಟಕಿ ದಾಟ್ಬೇಕಾದ್ರೆ ಸುಂಕ ಕಟ್ಬೇಕಿತ್ತು ಸಾರ್, ಮನೇಲಿ ಏನಾಯ್ತು ಅಂತ ಪೂರ್ತಿ ಹೇಳಿದ ಮೇಲೇನೇ ಬಿಡ್ತಿದ್ರು" ಎಂದು ಅಂಗಡಿಯ ಯಜಮಾನ ಹೇಳುತ್ತಿದ್ದ. ನಾನು ಆ ಸುಂಕ ಕಟ್ಟಿದವನಲ್ಲ. ನಾನು ಆಕೆಯನ್ನು ಕಾಣುವ ಹೊತ್ತಿಗೆ ಗಂಟಲಿನ ರೋಗಕ್ಕೆ ಶಸ್ತ್ರಚಿಕಿತ್ಸೆಯಾಗಿ, ದನಿಪೆಟ್ಟಿಗೆಯನ್ನೇ ತೆಗೆದುಹಾಕಿ ಕೆಲವು ವರ್ಷಗಳಾಗಿದ್ದವು. ಕತ್ತಿನ ಕೆಳಗೆ ಉಸಿರಿಗೆಂದು ಒಂದು ಸಣ್ಣ ರಂಧ್ರ. ಅದರ ಮೇಲೆ ಉಟ್ಟ ಬಟ್ಟೆಗೆ ಹೊಂದುವ ಒಂದು ತೆಳುವಾದ ಪಟ್ಟಿ. ಅದನ್ನು ಆಕೆಯೇ ಹೊಲಿದುಕೊಳ್ಳುತ್ತಿದ್ದರು.

ಮಾತು ಹೋದ ಮೇಲೆ ಆಕೆ ಕತ್ತರಿಯಿಂದ ಮೇಜಿನ ಅಂಚಿಗೆ ಬಡಿದು ಹೇಳುವುದನ್ನು ರೂಢಿಸಿಕೊಂಡಿದ್ದರು. ಎರಡು ಬಡಿತವೆಂದರೆ ಊಟಕ್ಕೋ ಚಹಕ್ಕೋ ಕರೆ. ಉದ್ದಕ್ಕೆ ಗೀಚಿದರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ. ಬೇಗಬೇಗ ಹಲವು ಸಲ ಬಡಿದರೆ ಅದು ಬೈಗುಳ. ಒಮ್ಮೆ ನನ್ನೆದುರಿಗೇ ಆ ಬೈಗುಳ ಬಿತ್ತು. ಪಾಲಿಶಣ್ಣ ಒದ್ದೆಯ ಕೊಡೆಯನ್ನು ಹೊಲಿದಿಟ್ಟ ಬಟ್ಟೆಯ ಮೇಲೆ ಇಟ್ಟಿದ್ದರು.

"ಗೊತ್ತಾಯ್ತು ಮಾರಾಯ್ತಿ, ಗೊತ್ತಾಯ್ತು. ಅಷ್ಟು ದೊಡ್ಡ ಮಾತೆಲ್ಲ ಮೇಷ್ಟ್ರ ಎದುರಿಗೆ ಬೇಡ" ಎಂದರು ಅವರು. ಕತ್ತರಿ ಇನ್ನೊಂದು ಸಲ ಬಡಿಯಿತು. "ನೋಡಿದ್ರಾ, ಕೊನೇ ಮಾತು ಅವಳದೇ ಆಗ್ಬೇಕು."

ಆ ಮನೆಯಲ್ಲಿ ದುಃಖ ಎದ್ದು ಕಾಣುತ್ತಿರಲಿಲ್ಲ. ಸಂತೋಷವೂ ಕಾಣುತ್ತಿರಲಿಲ್ಲ. ಯಂತ್ರ ತಿರುಗುತ್ತಿತ್ತು, ಚಹ ಬರುತ್ತಿತ್ತು, ಬಟ್ಟೆ ಕೊಡುವವರು ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಕಾಲು ಜೋಮು ಹಿಡಿದಾಗ ನೆಲ ತಾಗಿದರೂ ತಾಗಿದಂತೆ ಇರುವುದಿಲ್ಲವಲ್ಲ, ಅಲ್ಲಿನ ದಿನಗಳು ಹಾಗೆ ನಡೆಯುತ್ತಿದ್ದವು.

ಆ ದಿನಗಳಲ್ಲಿ ನಾನು ನಮ್ಮ ಶಾಲೆಯ ವಾರ್ಷಿಕೋತ್ಸವದ ಹಳೆಯ ಡಿಸ್ಕುಗಳಲ್ಲಿದ್ದುದನ್ನು ನನ್ನ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಅದನ್ನು ಕಂಡಕಂಡವರ ಬಳಿ ಹೇಳಿಕೊಂಡು ತಿರುಗಿದ್ದೂ ಉಂಟು. ಒಂದು ಸಂಜೆ ಪಾಲಿಶಣ್ಣ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರಲಿಲ್ಲ.

"ಡಿಸ್ಕಲ್ಲಿರೋದನ್ನ ಕಂಪ್ಯೂಟರಿಗೆ ಹಾಕೋದು ನಿಮಗೆ ಬರುತ್ತಂತೆ ಮೇಷ್ಟ್ರೇ."

"ಬರುತ್ತೆ ಅನ್ನೋದು ದೊಡ್ಡ ಮಾತು. ಹೇಗೋ ಏಗಿದ್ದೀನಿ. ಯಾಕೆ?"

"ಅವಳು ಆಡಿದ ಮಾತೆಲ್ಲ ನನಗೆ ನೆನಪಿದೆ. ಏನು ಅಂದ್ಲು, ಯಾವಾಗ ಅಂದ್ಲು ಎಲ್ಲ. ದನಿ ನೆನಪಿಲ್ಲ."

"ಯಾವಾಗಿಂದ?" ಎಂದು ಕೇಳಿದೆ.

"ಗೊತ್ತಿಲ್ಲ. ಮೊನ್ನೆ ಹುಡುಕಿದೆ, ಇರಲಿಲ್ಲ."

ಗೂಡಿನಲ್ಲಿಟ್ಟ ಚಮಚ ಕಾಣುತ್ತಿಲ್ಲ ಎನ್ನುವವರ ಹಾಗೆ ಹೇಳಿದರು. ಆಕೆಯ ದನಿ ಉಳಿದಿರುವುದಾದರೆ ಅದು ಎರಡೇ ಡಿಸ್ಕುಗಳಲ್ಲಿ. ಒಂದು ಆಕೆಯ ತಂಗಿಯ ಮದುವೆಯದು. ಇನ್ನೊಂದು ಇವರು ಈಗಿರುವ ಮನೆಗೆ ಬಂದ ದಿನ ನೆಂಟರೆಲ್ಲ ಸೇರಿ ಊಟ ಮಾಡಿದ್ದು. ಎರಡನ್ನೂ ತೆಗೆದವರು ಎದುರು ಬೀದಿಯ ಸ್ಟುಡಿಯೋದವರು. ಡಿಸ್ಕು ಹಾಕುವ ಯಂತ್ರ ಮನೆಯಿಂದ ಹೋಗಿ ಬಹಳ ದಿನಗಳಾಗಿದ್ದವು. ಆದರೆ ಕನ್ನಡಕದ ಅಂಗಡಿಗೆ ಹೊಸ ಕಂಪ್ಯೂಟರು ಬಂದಾಗ ಯಜಮಾನ ಹಳೆಯದನ್ನು ಇವರಿಗೆ ಕೊಟ್ಟಿದ್ದ. ಅದು ಹೊಲಿಗೆಯಂತ್ರದ ಪಕ್ಕದ ಮೇಜಿನ ಮೇಲಿತ್ತು. ಆಕೆ ಅದರಲ್ಲಿ ಉಡುಪಿನ ನಮೂನೆಗಳನ್ನು ನೋಡುತ್ತಿದ್ದರು.

ಮರುದಿನದಿಂದ ಅಂಗಡಿಯ ಕೆಲಸ ಮುಗಿದ ಮೇಲೆ ಸಂಜೆ ನಾವಿಬ್ಬರೂ ಅದರ ಮುಂದೆ ಕುಳಿತೆವು. ಆಕೆ ತಮ್ಮ ಹೊಲಿಗೆ ನಿಲ್ಲಿಸಲಿಲ್ಲ.

"ನಿನ್ನ ದನಿ ಸಿಗುತ್ತೇನೋ ನೋಡ್ತಿದ್ದೀವಿ. ನಿನಗೆ ಕೇಳ್ಬೇಕಾ?" ಎಂದು ಪಾಲಿಶಣ್ಣ ಕೇಳಿದರು. ಆಕೆ ಅಂಗೈಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು. ಕೇಳಿದರೂ ಸರಿ, ಕೇಳದಿದ್ದರೂ ಸರಿ.

ಮೊದಲು ಮದುವೆಯ ಡಿಸ್ಕು ಹಾಕಿದೆವು. ಅದರೊಳಗೆ ಒಂದು ಇಡೀ ವಿಡಿಯೋ ಇರುವುದಿಲ್ಲ, ತುಂಡುತುಂಡಾದ ಫೈಲುಗಳಿರುತ್ತವೆ. ನಾನು ನನ್ನ ಅನುಭವದಂತೆ ಒಂದೊಂದೇ ತುಂಡನ್ನು ಬದಲಾಯಿಸಿ ಕೊನೆಗೆ ಅಂಟಿಸಿದೆ. ಪುಕ್ಕಟೆಯ ಪ್ರೋಗ್ರಾಮು ಮದುಮಗಳ ಮುಖದ ಮೇಲೆ ತನ್ನ ಹೆಸರನ್ನು ಅಡ್ಡಕ್ಕೆ ಬರೆದುಕೊಂಡಿತು. ಅದು ಹೋಗಲಿ ಎಂದರೆ ಶಬ್ದವೇ ಇಲ್ಲ. ನೂರಾರು ಜನ ಬಾಯಿ ಬಿಡುತ್ತಿದ್ದಾರೆ, ಒಂದು ಪಿಸುಮಾತೂ ಕೇಳದು.

"ಎಲ್ರಿಗೂ ನಮ್ಮನೆಯವಳ ಹಾಗೇ ಆಗಿದೆ" ಎಂದರು ಪಾಲಿಶಣ್ಣ. ಅವರೂ ನಗಲಿಲ್ಲ, ನಾನೂ ನಗಲಿಲ್ಲ. ಹೊಲಿಗೆಯಂತ್ರದ ಕಡೆಯಿಂದ ಕತ್ತರಿ ಬೇಗಬೇಗ ಬಡಿಯಿತು. ಆಗ ಮೂವರಿಗೂ ಸ್ವಲ್ಪ ನಗು ಬಂತು.

ಹಲವು ಸಂಜೆ ಹೆಣಗಿದ ಮೇಲೆ ವಿಷಯ ತಿಳಿಯಿತು. ಡಿಸ್ಕಿನಲ್ಲಿ ಶಬ್ದವನ್ನು ಒಂದು ಬಗೆಯಲ್ಲಿ ಬರೆದಿಟ್ಟಿರುತ್ತಾರೆ. ನಮ್ಮ ಪ್ರೋಗ್ರಾಮಿಗೆ ಆ ಬಗೆ ಗೊತ್ತಿಲ್ಲದ ಕಾರಣ ಅದನ್ನು ಸುಮ್ಮನೆ ಬಿಟ್ಟುಬಿಟ್ಟಿತ್ತು. ಬೇರೊಂದು ಪ್ರೋಗ್ರಾಮು ಹಾಕಿದೆವು. ಮುಖದ ಮೇಲಿನ ಬರಹ ಹೋಯಿತು, ಶಬ್ದ ಬಂತು. ಆದರೆ ಬಾಯಿಗೂ ಶಬ್ದಕ್ಕೂ ತಾಳೆಯಿಲ್ಲ. ತಂಗಿಯ ಮಾವನವರು ಎದ್ದು ನಿಂತು ಎರಡು ಮಾತು ಆಡುವ ದೃಶ್ಯವಿತ್ತು. ಆ ಮಹನೀಯರ ಮಾತು ಮುಗಿದು ಜನ ಚಪ್ಪಾಳೆ ಹೊಡೆದ ಮೇಲೆ ಅವರು ಬಾಯಿ ತೆರೆದರು.

"ಮೊದಲಿಂದಲೂ ಹಾಗೇ ಇದ್ರು ಅವರು. ಆಡಿದ ಮೇಲೆ ಯೋಚನೆ ಮಾಡ್ತಿದ್ರು" ಎಂದರು ಪಾಲಿಶಣ್ಣ.

ತಪ್ಪು ನನ್ನ ಕ್ರಮದಲ್ಲಿತ್ತು. ತುಂಡುಗಳನ್ನು ಮೊದಲು ಒಟ್ಟಿಗೆ ಸೇರಿಸಿಕೊಂಡು ಆಮೇಲೆ ಬದಲಾಯಿಸಬೇಕು. ಬದಲಾಯಿಸಿ ಅಂಟಿಸಿದರೆ ಪ್ರತಿ ಸಂದಿಯಲ್ಲೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಹಾಗೆ ಮಾಡಿದಾಗ ಮಾವನವರ ತುಟಿಗೂ ಮಾತಿಗೂ ಹೊಂದಿತು. ಪಾಲಿಶಣ್ಣ ಕಿರುಬೆರಳಿನಿಂದ ಪರದೆಯ ಅಂಚನ್ನು ತಟ್ಟಿ, "ಕೂತಿತು" ಎಂದರು.

ಆಮೇಲೆ ಆಕೆ ಕಾಣಿಸಿಕೊಂಡರು. ಈಗಿನದಕ್ಕಿಂತ ತುಂಬಿಕೊಂಡ ಮೈ, ಕತ್ತಿನಲ್ಲಿ ಪಟ್ಟಿಯಿಲ್ಲ. ಬಂದವರನ್ನು ಕೈಹಿಡಿದು ಕೂರಿಸುತ್ತ, ಯಾರನ್ನೋ ಗದರುತ್ತ, ಒಂದು ಗಳಿಗೆಯೂ ಬಾಯಿ ಮುಚ್ಚದೆ ಓಡಾಡುತ್ತಿದ್ದರು. ಆದರೆ ಕೇಳಿಸುತ್ತಿದ್ದುದು ಹಾಡು. ಭಾಷಣದ ಆ ಒಂದು ತುಣುಕನ್ನು ಬಿಟ್ಟು, ವಿಡಿಯೋದ ಉದ್ದಕ್ಕೂ ಸ್ಟುಡಿಯೋದವರು ಹಾಡು ತುಂಬಿಸಿಬಿಟ್ಟಿದ್ದರು.

ಅವರನ್ನು ಕರೆಸಿದೆವು. ಈಗ ಅವರು ಪಾಸ್‌ಪೋರ್ಟ್ ಅಳತೆಯ ಫೋಟೋ ಮಾತ್ರ ತೆಗೆಯುತ್ತಾರೆ. ಬಾಯಿ ಮಾತ್ರ ಹಿಂದಿನಷ್ಟೇ ಜೋರು.

"ಅಣ್ಣ, ಆಗ ಎಲ್ರೂ ಹಾಡು ಹಾಕಿ, ಹಾಡು ಹಾಕಿ ಅಂತ ಪ್ರಾಣ ತಿಂತಿದ್ರು. ಮಾತು ಯಾರಿಗೆ ಬೇಕಿತ್ತು? ಅಕ್ಕನೇ ಬಂದು ಹಾಡು ಆರಿಸಿ ಕೊಟ್ಟಿದ್ದು. ಕೇಳಿ ಬೇಕಾದ್ರೆ."

ಆಕೆ ಹೌದೆಂದು ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿದರು.

"ಮೂಲದ ಟೇಪು?" ಎಂದು ಕೇಳಿದೆ.

"ಅದರ ಮೇಲೆ ಇನ್ನೆಷ್ಟು ಮದುವೆ ಆಗಿಹೋದ್ವೋ ಸಾರ್."

ಉಳಿದದ್ದು ಎರಡನೆಯ ಡಿಸ್ಕು. ಅದರಲ್ಲಿ ಹಾಡಿಲ್ಲವೆಂದು ಸ್ಟುಡಿಯೋದವರು ಆಣೆ ಮಾಡಿ ಹೇಳಿದರು. ಹೊಸ ಕ್ಯಾಮೆರಾ ಕೊಂಡ ದಿನಗಳಲ್ಲಿ, ಕೈ ಪಳಗಲಿ ಎಂದು ಬಂದು ತೆಗೆದದ್ದಂತೆ. "ಕ್ಯಾಮೆರಾನೂ ಹೊಸದು, ನನ್ನ ಕೈಯೂ ಹೊಸದು. ಮಾತಾಡೋರನ್ನ ಬಿಟ್ಟು ಗೋಡೆ ಬಾಗಿಲು ತೆಗೆದಿರೋದೇ ಜಾಸ್ತಿ. ಆದ್ರೆ ಶಬ್ದ ಇದ್ದ ಹಾಗೇ ಇದೆ."

ಪಾಲಿಶಣ್ಣ ಒಳಗೆ ಹೋಗಿ ಅದನ್ನು ತಂದರು. ಬಟ್ಟೆಗಳ ನಡುವೆ, ಒಂದು ಹತ್ತಿಯ ಚೀಲದಲ್ಲಿ, ಕಾಗದದ ಕವರಿನಲ್ಲಿ ಇಟ್ಟಿದ್ದರು. ಒಂದು ಬೆರಳಚ್ಚೂ ಇಲ್ಲದೆ ಫಳಫಳ ಹೊಳೆಯುತ್ತಿತ್ತು. ಕಂಪ್ಯೂಟರಿಗೆ ಹಾಕಿದೆವು. ಅದು ಒಳಗೆ ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಮನೆಯ ಮೆಟ್ಟಿಲು, ಸಾಮಾನು ಹೊರುವವರು, ಖಾಲಿ ಕೋಣೆ ಇಷ್ಟು ಕಂಡು ಚಿತ್ರ ಚೂರುಚೂರಾಯಿತು. ಆಮೇಲೆ ಡಿಸ್ಕಿನ ತಟ್ಟೆ ತಾನಾಗಿಯೇ ಹೊರಗೆ ಬಂತು, ಊಟ ಬೇಡವೆಂದು ನಾಲಗೆಯಿಂದ ಹೊರದಬ್ಬುವ ಮಗುವಿನ ಹಾಗೆ. ಓದುವ ವೇಗ ತಗ್ಗಿಸಿ ನೋಡಿದೆವು. ನನ್ನ ಮನೆಯ ಕಂಪ್ಯೂಟರಿಗೂ ಹಾಕಿ ನೋಡಿದೆವು. ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು.

ಸ್ಟುಡಿಯೋದವರು ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅವರ ಮುಖದ ಮೇಲಿನ ತಮಾಷೆ ಇಳಿಯಲಿಲ್ಲ. ಅವರಿಗೆ ಇನ್ನೂ ವಿಷಯ ಹೊಳೆದಿರಲಿಲ್ಲ.

"ಯಾರಣ್ಣ ಇದನ್ನ ಒರೆಸಿದ್ದು? ಒರೆಸಿದ್ದೋ, ಪಾತ್ರೆ ತಿಕ್ಕಿದ್ದೋ? ನೋಡಿ ಸಾರ್, ಉಂಗುರ ಉಂಗುರವಾಗಿ ಗೀರು. ಇದರ ಬರಹ ಇರೋದೇ ಸುತ್ತು ಸುತ್ತಾಗಿ. ಅಡ್ಡಕ್ಕೆ ಗೀರಾಗಿದ್ರೆ ಯಂತ್ರ ಹಾರ್ಕೊಂಡು ಹೋಗುತ್ತೆ, ಒಂದು ಗುಂಡಿ ದಾಟಿದ ಹಾಗೆ. ಬರಹದ ಉದ್ದಕ್ಕೇ ಗೀರಿದ್ರೆ ದಾರಿನೇ ಕಿತ್ತು ಹೋದ ಹಾಗೆ. ನಡುವಿಂದ ಅಂಚಿಗೆ ನೇರವಾಗಿ ಒರೆಸ್ಬೇಕು. ಈ ರೀತಿ ಸುತ್ತಿ ಯಾವ ಪುಣ್ಯಾತ್ಮ—"

ಅಲ್ಲಿಗೆ ಅವರು ನಿಲ್ಲಿಸಿದರು. ಪಾಲಿಶಣ್ಣ ಜೇಬಿನಿಂದ ಹಳದಿ ಬಟ್ಟೆಯನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರು.

"ಇದೊಂದನ್ನ ನೆನಪಾದಾಗೆಲ್ಲ ತೆಗೆದು ಒರೆಸಿ ಇಡ್ತಿದ್ದೆ" ಎಂದರು.

"ಹಾಕಿ ನೋಡ್ತಿರಲಿಲ್ವಾ?" ಎಂದು ನಾನು ಕೇಳಿದೆ.

"ಇಲ್ಲ. ಹಾಕಿದ್ರೆ ಅವಳಿಗೆ ಕೇಳುತ್ತಲ್ಲ."

ಕತ್ತರಿ, ಯಂತ್ರ ಎರಡೂ ಸುಮ್ಮನಿದ್ದವು. ಸ್ಟುಡಿಯೋದವರು ಆ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ಅಂಗಡಿಯ ಗಾಜಿನ ಪುಡಿ ಅದರ ಎಳೆ ಎಳೆಯಲ್ಲಿ ಸೇರಿಕೊಂಡಿತ್ತು. ಅದರಿಂದ ಒರೆಸಿದ ಕನ್ನಡಕದ ಗಾಜಿಗೆ ಏನೂ ಆಗುತ್ತಿರಲಿಲ್ಲ, ಡಿಸ್ಕು ಮೆದು. ಶಸ್ತ್ರಚಿಕಿತ್ಸೆಯಾದ ಮೇಲಿನ ಅಷ್ಟೂ ವರ್ಷ, ಕೇಳಲಾರದ ದನಿಯನ್ನು ಅವರು ಒರೆಸಿ ಒರೆಸಿ ಕಾಪಾಡಿದ್ದರು. ಅದು ಅಳಿಸಿಹೋಗುತ್ತಿದ್ದುದೂ ಅದರಿಂದಲೇ.

ಅವರ ಮುಖ ಕೆಂಪಾಗಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. "ಹಾಗಾದ್ರೆ ಅದು ಅಷ್ಟೇ" ಎಂದು ಹೇಳಿ ಡಿಸ್ಕನ್ನು ಕವರಿಗೆ ಹಾಕಿದರು. ಎಂದಿನಂತೆ ಒರೆಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಸ್ಟುಡಿಯೋದವರು ಬಾಗಿಲ ತನಕ ಹೋದವರು ವಾಪಸು ಬಂದರು. "ಅಣ್ಣ, ಗೀರು ಮೇಲುಮೇಲೆ ಇದ್ರೆ ಪಾಲಿಶ್ ಮಾಡಿ ತೆಗೀತಾರೆ. ನಾನು ನೋಡಿದ್ದೀನಿ. ನಿಮ್ಮ ಹತ್ರ ಡಬ್ಬಿಗಟ್ಟಲೆ ಪಾಲಿಶ್ ಇಲ್ವಾ? ಆದ್ರೆ ಸುತ್ತಬಾರದು. ನೇರ ಹೋಗ್ಬೇಕು, ನೇರ ಬರ್ಬೇಕು."

ಆ ಕೆಲಸವನ್ನು ನಾನು ಪರದೆಯ ಹಿಂದಿನ ಆ ಕೋಣೆಯಲ್ಲಿ ಕುಳಿತು ನೋಡಿದೆ. ಮೊದಲು ಕೆಟ್ಟುಹೋದ ಒಂದು ಡಿಸ್ಕನ್ನು ಅಭ್ಯಾಸಕ್ಕೆ ಇಟ್ಟುಕೊಂಡರು. ತೊಳೆದ ಹೊಸ ಬಟ್ಟೆ, ಬೆರಳ ತುದಿಯಷ್ಟು ಪಾಲಿಶು. ನಡುವಿನಿಂದ ಅಂಚಿಗೆ ಒಂದು ಸಲ, ಎರಡು ಸಲ ನೇರವಾಗಿ ಹೋಗುವ ಕೈ, ಆಮೇಲೆ ತನಗೆ ತಾನೇ ಬಾಗಿ ದುಂಡಗೆ ತಿರುಗಿಬಿಡುತ್ತಿತ್ತು. ಅವರು ನಿಲ್ಲಿಸುವರು, ಕೈ ಕೊಡವುವರು, ಮತ್ತೆ ಶುರು ಮಾಡುವರು. ಅಕ್ಷರ ಕಲಿಯುವ ಮಕ್ಕಳಿಗೆ ನೇರ ಗೆರೆ ಎಳೆಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೆ ಮಕ್ಕಳು ಇನ್ನೂ ಏನನ್ನೂ ಕಲಿತಿರುವುದಿಲ್ಲ. ಕಲಿತ ಕೈಗೆ ಕಲಿಸುವುದು ಅದಕ್ಕಿಂತ ಕಷ್ಟ. ಕೊನೆಗೆ ಅವರು ಒಂದು ಉಪಾಯ ಮಾಡಿದರು. ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡರು. ಹಿಂದೊಮ್ಮೆ ನನ್ನ ಮಣಿಕಟ್ಟನ್ನು ಹಿಡಿದ ಹಾಗೆಯೇ. ಹಾಗೆ ಹಿಡಿದ ಕೈ ತಪ್ಪಲಿಲ್ಲ.

ಯಜಮಾನ ಪರದೆ ಸರಿಸಿ ಇಣುಕಿದ. "ಪಾಲಿಶಣ್ಣ, ಇವತ್ತು ನಿಮ್ಮನ್ನ ನೀವೇ ಅರೆಸ್ಟ್ ಮಾಡ್ಕೊಂಡಿದ್ದೀರಾ?"

"ಜಾಮೀನು ಮೇಷ್ಟ್ರು ಕೊಡ್ತಾರೆ" ಎಂದು ಇವರು ತಲೆ ಎತ್ತದೆ ಹೇಳಿದರು.

ಡಿಸ್ಕು ಮಂಜು ಹಿಡಿದ ಗಾಜಿನಂತಾಗಿ, ಆಮೇಲೆ ಮೆಲ್ಲಗೆ ತಿಳಿಯಾಯಿತು. ಆಳವಾದ ಗೀರುಗಳು ಉಳಿದವು. ಸ್ಟುಡಿಯೋದವರು ಹೇಳಿದ ಇನ್ನೊಂದು ಪ್ರೋಗ್ರಾಮು ಹಾಕಿದೆವು. ಅದು ಓದಲಾಗದ ಜಾಗದಲ್ಲಿ ಹಟ ಹಿಡಿದು ಮತ್ತೆ ಮತ್ತೆ ಓದುತ್ತದೆ. ಆಗದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತದೆ, ಹೊರಗೆ ದಬ್ಬುವುದಿಲ್ಲ. ಒಂದು ಇಡೀ ಹಗಲು ಕಂಪ್ಯೂಟರು ಗುರುಗುಟ್ಟಿತು. ಪಕ್ಕದಲ್ಲಿ ಹೊಲಿಗೆಯಂತ್ರವೂ ತಿರುಗಿತು. ಯಾವುದರ ಸದ್ದು ಯಾವುದೆಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಸಂಜೆ ಹಾಕಿ ನೋಡಿದೆವು. ಮೆಟ್ಟಿಲು ದಾಟಿತು, ಖಾಲಿ ಕೋಣೆ ದಾಟಿತು, ಊಟದ ಮೇಜಿನ ಮುಂದೆ ಸಾಲಾಗಿ ಕುರ್ಚಿಗಳು ಬಂದವು. ಗಂಡಸರು ಯಾವುದೋ ನಲ್ಲಿಯ ವಿಷಯ ಮಾತನಾಡುತ್ತಿದ್ದರು. ಆಮೇಲೆ ಕ್ಯಾಮೆರಾ ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿತು. ಅಲ್ಲಿಗೆ ಚಿತ್ರ ನಿಂತಿತು. ಅರ್ಧ ತೆರೆದ ಬಾಗಿಲು, ಬಾಗಿಲ ಹಿಂದೆ ಒಂದು ಸೆರಗಿನ ಅಂಚು. ಚಿತ್ರ ಅಲ್ಲಾಡಲಿಲ್ಲ. ಶಬ್ದ ಮಾತ್ರ, ನಡುವೆ ಒಂದೆರಡು ಕಡೆ ಕಡಿದರೂ, ಮುಂದುವರಿಯಿತು. ಪಾತ್ರೆಯ ಸದ್ದು. ಆಮೇಲೆ ಒಂದು ಹೆಣ್ಣು ದನಿ:

"ನಲ್ಲಿ ಪುರಾಣ ಆಮೇಲೆ ಓದ್ಕೊಳ್ಳಿ. ಎಲ್ರೂ ಊಟಕ್ಕೆ ಬನ್ನಿ, ಆರಿ ತಣ್ಣಗಾಗುತ್ತೆ."

ಅಷ್ಟೇ. ಮುಂದಿನದೆಲ್ಲ ಚೂರು.

ಪಾಲಿಶಣ್ಣ ಅದನ್ನು ಮತ್ತೆ ಹಾಕಿದರು. ಇನ್ನೊಮ್ಮೆ ಹಾಕಿದರು. ಆಮೇಲೆ ಹೆಂಡತಿಯ ಕಡೆಗೆ ತಿರುಗಿ, "ನೀನೇನಾ?" ಎಂದು ಕೇಳಿದರು.

ಅವರು ಹಾಗೆ ಕೇಳಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಹೇಳಿದರು. ಆ ದಿನ ಅಡುಗೆಮನೆಯಲ್ಲಿದ್ದವರು ಇಬ್ಬರು, ಆಕೆ ಮತ್ತು ಆಕೆಯ ತಂಗಿ. ಅಕ್ಕತಂಗಿಯರ ದನಿ ಒಂದೇ ಅಚ್ಚು. ಫೋನು ಮಾಡಿದವರೆಲ್ಲ ಮೋಸ ಹೋಗುತ್ತಿದ್ದರು. ಸ್ವತಃ ಇವರೇ ಒಮ್ಮೆ ನಾದಿನಿಯನ್ನು ಹೆಂಡತಿಯೆಂದು ತಿಳಿದು, ಬರುವಾಗ ಸೋಪು ತರಲೇ ಎಂದು ಕೇಳಿದ್ದರಂತೆ. ಆಗೆಲ್ಲ ಅದು ನಗುವ ವಿಷಯ.

ಆಕೆ ಎರಡೂ ಕೈಗಳನ್ನು ಬಿಡಿಸಿದರು. ಯಾರಿಗೆ ಗೊತ್ತು? ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾರಿಗೆ ತಾನೇ ಗೊತ್ತಿರುತ್ತದೆ?

ತಂಗಿಗೆ ಫೋನು ಮಾಡಿದರು. ಎಲ್ಲರಿಗೂ ಕೇಳುವಂತೆ ಇಟ್ಟು, ಕಂಪ್ಯೂಟರಿನ ಮುಂದೆ ಹಿಡಿದರು.

"ಅಕ್ಕನೇ ಭಾವ!" ಎಂದಳು ತಂಗಿ, ಡಿಸ್ಕಿನ ಮಾತು ಮುಗಿಯುವ ಮೊದಲೇ. "ನಿಮ್ಮನೇಲಿ ನಿಂತ್ಕೊಂಡು ನಾನ್ಯಾಕೆ ನಿಮ್ಮನ್ನ ಗದರಲಿ?"

"ನೀನು ಗದರ್ತಿರಲಿಲ್ವಾ?"

"ಇನ್ನೊಂದ್ಸಲ ಹಾಕಿ, ಭಾವ." ಹಾಕಿದರು. "ಅಕ್ಕನೇ" ಎಂದಳು ತಂಗಿ. ಈ ಸಲ ಮೆಲ್ಲಗೆ ಹೇಳಿದಳು.

ಫೋನು ಇಟ್ಟ ಮೇಲೆ ಪಾಲಿಶಣ್ಣ ನನ್ನನ್ನು ನೋಡಿದರು. "ಈಗ ಅವಳು ಅಕ್ಕನೇ ಅಂದ್ಲಲ್ಲ ಮೇಷ್ಟ್ರೇ, ಅದೂ ಇದೇ ದನಿ."

ನಾನು ಸಮಾಧಾನ ಹೇಳಲು ಹೋಗಲಿಲ್ಲ. ನನಗೆ ಆ ದನಿಯ ಪರಿಚಯವೇ ಇಲ್ಲ. ಎದ್ದು ಹೊರಡೋಣವೆಂದು ಕೊಡೆ ತೆಗೆದುಕೊಂಡೆ. ಆಗ ಆಕೆ ಕತ್ತರಿಯಿಂದ ಮೇಜನ್ನು ಒಮ್ಮೆ ಬಡಿದು, ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. ಮತ್ತೆ ಹಾಕಿ ಎಂದು. ಆಕೆ ಈ ಕೆಲಸದಲ್ಲಿ ತಾವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಪಾಲಿಶಣ್ಣ ಹಾಕಿದರು. ಪರದೆಯ ಮೇಲೆ ಅರ್ಧ ತೆರೆದ ಆ ಬಾಗಿಲು. ಪಾತ್ರೆಯ ಸದ್ದು ಬರುವಾಗ ಆಕೆ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಹುಬ್ಬು ಮೇಲೆತ್ತಿದರು. ಆಮೇಲೆ ದನಿ ಬಂದಾಗ ಆಕೆಯ ತುಟಿಗಳು ಅಲ್ಲಾಡಿದವು. ನಲ್ಲಿ ಪುರಾಣ ಆಮೇಲೆ ಓದ್ಕೊಳ್ಳಿ. ಎಲ್ರೂ ಊಟಕ್ಕೆ ಬನ್ನಿ. ತುಟಿ ದನಿಗಿಂತ ಮುಂದೆ ಹೋಗಲಿಲ್ಲ, ಹಿಂದೆ ಬೀಳಲಿಲ್ಲ. 'ಆರಿ' ಎನ್ನುವುದಕ್ಕೆ ಮೊದಲು ದನಿ ಒಂದಿಷ್ಟು ನಿಲ್ಲುತ್ತದೆ. ಅಲ್ಲಿ ಆಕೆಯೂ ನಿಂತರು. ಪಾಲಿಶಣ್ಣ ಪರದೆಯನ್ನು ನೋಡುತ್ತಿರಲಿಲ್ಲ. ಹೆಂಡತಿಯ ಬಾಯಿಯನ್ನು, ಒಂದು ಗಾಜಿನ ಅಂಚನ್ನು ನೋಡುವವರಂತೆ ನೋಡುತ್ತಿದ್ದರು.

ಮುಗಿದ ಮೇಲೆ ಕಿರುಬೆರಳಿನಿಂದ ಮೇಜನ್ನು ತಟ್ಟಿ, "ಕೂತಿತು" ಎಂದರು.

ಅಷ್ಟು ಹೊತ್ತಿಗೆ ಆ ಮಾತನ್ನು ನಾವೆಲ್ಲ ಹಲವು ಸಲ ಕೇಳಿದ್ದೆವು. ನಾನೂ ತುಟಿ ಸೇರಿಸಿ ಹೇಳಬಲ್ಲವನಾಗಿದ್ದೆ. ಅದು ಅವರಿಗೂ ತಿಳಿದಿರಬೇಕು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಯಾರೂ ಅಳಲಿಲ್ಲ. ಆಕೆ ಬಿಟ್ಟಿದ್ದ ಹೊಲಿಗೆಯನ್ನು ಮುಂದುವರಿಸಿದರು. ಪಾಲಿಶಣ್ಣ ನನ್ನನ್ನು ಬೀದಿಯ ತಿರುವಿನ ತನಕ ಕಳುಹಿಸಿಕೊಡಲು ಬಂದರು.

"ದನಿ ನೆನಪಾಯ್ತಾ?" ಎಂದು ಕೇಳಿದೆ.

"ಇಲ್ಲ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಆದ್ರೆ ಅವಳದೇ ಅಂತ ಇಟ್ಕೊಂಡಿದ್ದೀನಿ" ಎಂದರು.

ಈಗ ಪಾಲಿಶಣ್ಣ ಅಂಗಡಿಗೆ ಬೆಳಗಿನ ಹೊತ್ತು ಮಾತ್ರ ಹೋಗುತ್ತಾರೆ. ಹೊಸ ಯಂತ್ರ ಬಂದಿದೆ. ಗಾಜಿನ ಅಂಚನ್ನು ಅದೇ ಉಜ್ಜುತ್ತದೆ. ಇವರು ಫ್ರೇಮಿಗೆ ಕೂರಿಸಿ, ತಟ್ಟಿ ನೋಡಿ ಕೊಡುತ್ತಾರೆ. ಹಳದಿ ಬಟ್ಟೆ ಅಂಗಡಿಯಲ್ಲೇ ಮೊಳೆಗೆ ನೇತುಬಿದ್ದಿರುತ್ತದೆ, ಮನೆಗೆ ಬರುವುದಿಲ್ಲ. ಆ ಡಿಸ್ಕು ಹತ್ತಿಯ ಚೀಲದಲ್ಲೇ ಇದೆ. ಕಂಪ್ಯೂಟರಿನಲ್ಲಿರುವುದನ್ನು ನನ್ನ ಮನೆಯಲ್ಲೂ ಸ್ಟುಡಿಯೋದಲ್ಲೂ ಒಂದೊಂದು ಪ್ರತಿ ಇಟ್ಟಿದ್ದೇವೆ. ಅವರು ಅದನ್ನು ಆಗಾಗ ಹಾಕಿ ಕೇಳುವುದಿಲ್ಲ. ಮಧ್ಯಾಹ್ನ ಮನೆಗೆ ಬಂದು ಕಂಪ್ಯೂಟರು ಹಚ್ಚಿ, ಫೈಲು ಇರುವ ಜಾಗದಲ್ಲಿ ಇದೆಯೇ ಎಂದು ನೋಡಿ, ಹೆಂಡತಿಗೆ ಬೇಕಾದ ಉಡುಪಿನ ನಮೂನೆಯನ್ನು ತೆಗೆದುಕೊಡುತ್ತಾರೆ.

ಮೊನ್ನೆ ನಾನು ಹೋದಾಗಲೂ ಅದನ್ನೇ ಮಾಡುತ್ತಿದ್ದರು. ನಾನು ಕೂತೆ, ನಮ್ಮ ಬೀದಿಯ ನೀರಿನ ತಾಪತ್ರಯದ ವಿಷಯ ಮಾತಿಗೆ ಬಂತು, ಮಾತು ಉದ್ದವಾಯಿತು. ಅಡುಗೆಮನೆಯಿಂದ ಕತ್ತರಿ ಎರಡು ಸಲ ಬಡಿದದ್ದು ಕೇಳಿಸಿತು.

"ಏಳಿ ಮೇಷ್ಟ್ರೇ" ಎಂದು ಪಾಲಿಶಣ್ಣ ಎದ್ದರು. "ಆರಿ ತಣ್ಣಗಾಗುತ್ತಂತೆ."